ರೆಗ್ಯುಲೇಟರ್ ವೆಂಟ್‌ಗೆ 25 ಮಿ.ಮೀ. ಪೈಪ್ ಸಾಕಾ?

ನೀವು ಕೇಳಿದ್ದು ಇಷ್ಟು: ಹೋಟೆಲ್ ಅಡುಗೆಮನೆ ಪಕ್ಕದ ರೂಮಿನಲ್ಲಿ ನ್ಯಾಚುರಲ್ ಗ್ಯಾಸ್ ರೆಗ್ಯುಲೇಟರ್ (ಗ್ಯಾಸಿನ ಒತ್ತಡ ಇಳಿಸುವ ಸಾಧನ) ಇದೆ. ಅದರೊಳಗೆ ಬರುವ ಗ್ಯಾಸಿನ ಒತ್ತಡ 1 ಬಾರ್, ಒಲೆ ಕಡೆ ಹೋಗುವಾಗ 21 ಮಿಲಿಬಾರ್. ವೆಂಟ್ (ರೆಗ್ಯುಲೇಟರ್ ಉಸಿರಾಡುವ ತೂತು) ಪೈಪ್ 20 ಮೀಟರ್ ಎಳೆದು ತಾರಸಿಗೆ ಬಿಡಬೇಕು, ಆರು ಎಲ್ಬೋ (ಪೈಪಿನ ತಿರುವು) ಬರುತ್ತವೆ. ರೆಗ್ಯುಲೇಟರ್‌ನ ವೆಂಟ್ ತೂತು 25 ಮಿ.ಮೀ. ಅದೇ ಸೈಜ್ ಪೈಪ್ ಸಾಕಾ?

ಮೊದಲು ಒಂದು ವಿಷಯ ನೋಡಿ. ನಿಮ್ಮ ರೆಗ್ಯುಲೇಟರ್ ಒಳಗೆ ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದರೆ ಗ್ಯಾಸನ್ನು ವೆಂಟಿಗೆ ಬಿಡುವ ವಾಲ್ವ್, ಇದೆಯಾ? ಇಲ್ಲದಿದ್ದರೆ ವೆಂಟ್ ಸುಮ್ನೆ ಉಸಿರಾಡುತ್ತದೆ. ಒಳಗಿನ ಡಯಾಫ್ರಂ (ಬಾಗುವ ರಬ್ಬರ್ ಪರದೆ) ಮೇಲೆ ಕೆಳಗೆ ಆಡುವಾಗ ಚೂರು ಗಾಳಿ ಒಳಗೆ ಹೊರಗೆ, ಅಷ್ಟೇ. ರಿಲೀಫ್ ಇದ್ದರೆ ಲೆಕ್ಕವೇ ಬೇರೆ. ಗ್ಯಾಸ್ ಒಳಬಿಡುವ ಮುಖ್ಯ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತರೆ, ನುಗ್ಗುವ ಗ್ಯಾಸೆಲ್ಲ ಈ ಪೈಪಿನಲ್ಲೇ ಹೋಗಬೇಕು. ಪೈಪ್ ಸೈಜ್ ಮಾಡುವುದು ಆ ದಿನಕ್ಕೆ.

ಆರಿಫಿಸ್, ಅಂದರೆ ಆ ಮುಖ್ಯ ವಾಲ್ವ್‌ನ ತೂತು, 6 ಮಿ.ಮೀ. ಅಂದುಕೊಳ್ಳೋಣ. 1 ಬಾರ್‌ನಲ್ಲಿ ಪೂರ್ತಿ ತೆರೆದರೆ ಗಂಟೆಗೆ ಸುಮಾರು 40 ಘನ ಮೀಟರ್ ನುಗ್ಗುತ್ತದೆ. ಒಂದೊಂದು ಎಲ್ಬೋ ವ್ಯಾಸದ 30 ಪಟ್ಟು ಉದ್ದದ ಪೈಪಿಗೆ ಸಮ. 25 ಮಿ.ಮೀ. ಪೈಪಿನಲ್ಲಿ ಆರಕ್ಕೆ ನಾಲ್ಕೂವರೆ ಮೀಟರ್ ಜಾಸ್ತಿ ಆಯ್ತು. ಎಲ್ಲ ಸೇರಿಸಿದರೆ ಒತ್ತಡದ ನಷ್ಟ ಸುಮಾರು 45 ಮಿಲಿಬಾರ್! 40 ಮಿ.ಮೀ. ಹಾಕಿದರೆ 5ರ ಆಸುಪಾಸು, 50 ಹಾಕಿದರೆ 2ರ ಒಳಗೆ. ವ್ಯಾಸದ ಐದನೇ ಘಾತದ ಆಟ ಇದು: ವ್ಯಾಸ ಸ್ವಲ್ಪ ಹೆಚ್ಚಿದರೂ ನಷ್ಟ ತುಂಬಾ ಇಳಿಯುತ್ತದೆ.

ಆ 45 ಎಲ್ಲಿಗೆ ಹೋಗುತ್ತದೆ ಗೊತ್ತಾ? ವೆಂಟ್ ಪೈಪಿನ ಒತ್ತಡ ಡಯಾಫ್ರಂ ಮೇಲೆ ಸ್ಪ್ರಿಂಗ್ ಜೊತೆ ಸೇರಿಕೊಂಡು ತಳ್ಳುತ್ತದೆ. ರಿಲೀಫ್ ಅಷ್ಟು ತಡವಾಗಿ ತೆರೆಯುತ್ತದೆ, ಒಲೆ ಕಡೆಯ ಒತ್ತಡ ಅಷ್ಟೂ ಏರುತ್ತದೆ. 21 ಇರಬೇಕಾದ ಜಾಗದಲ್ಲಿ 66 ದಾಟುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ 50 ಹಾಕುತ್ತಿದ್ದೆ. ಆದರೆ ಆರಿಫಿಸ್ ಸೈಜನ್ನು ತಯಾರಕರ ಡೇಟಾ ಶೀಟಿನಲ್ಲಿ ನೋಡಿ ಮತ್ತೆ ಲೆಕ್ಕ ಹಾಕಿ. 6 ಅನ್ನೋದು ನಾನು ಹಿಡಿದ ಅಂಕಿ. ಸ್ಲ್ಯಾಮ್ ಶಟ್ (ಒತ್ತಡ ಏರಿದರೆ ಗ್ಯಾಸನ್ನೇ ಮುಚ್ಚಿಬಿಡುವ ವಾಲ್ವ್) ಇದ್ದು ರಿಲೀಫ್ ಚಿಕ್ಕದಾಗಿದ್ದರೆ ಪೈಪೂ ಚಿಕ್ಕದಾಗಬಹುದು.

ಎರಡು ಮೂರು ರೆಗ್ಯುಲೇಟರ್‌ಗಳ ವೆಂಟನ್ನು ಒಂದೇ ಪೈಪಿಗೆ ಸೇರಿಸಬೇಡಿ. ಪೈಪ್ ಫಿಟ್ಟರ್ ಹಣ ಉಳಿಯುತ್ತೆ ಅಂತಾನೆ. ಒಂದು ಕೆಟ್ಟು ಗ್ಯಾಸ್ ಬಿಟ್ಟರೆ ಪಕ್ಕದ್ದರ ಒತ್ತಡವೂ ಏರುತ್ತದೆ.

ಇನ್ನು ವೆಂಟ್ ಪೈಪಿನ ಬಾಯಿ. ಒಂದು ಅಡುಗೆಮನೆಯಲ್ಲಿ ಬೆಳಿಗ್ಗೆ ದೊಡ್ಡ ಬರ್ನರ್ ಹಚ್ಚಿದ ಕೂಡಲೇ ಉರಿ ಕುಗ್ಗುತ್ತಿತ್ತು. ಹತ್ತು ಸೆಕೆಂಡ್ ಬಿಟ್ಟು ಮೇಲೆ ಬರುತ್ತಿತ್ತು. ನಾನು ಸ್ಪ್ರಿಂಗ್ ಬದಲಿಸಿದೆ, ಸೀಟ್ ಒರೆಸಿದೆ, ಅರ್ಧ ದಿನ ಹೋಯಿತು. ಕೊನೆಗೆ ತಾರಸಿಗೆ ಹೋಗಿ ವೆಂಟ್ ಬಾಯಿಗೆ ಸ್ಕ್ರೂ ಡ್ರೈವರ್ ತೂರಿಸಿದರೆ ಒಣ ಮಣ್ಣು ಪುಡಿಪುಡಿಯಾಗಿ ಉದುರಿತು. ಕಣಜ ಗೂಡು ಕಟ್ಟಿತ್ತು, ಒಳಗೆ ಸತ್ತ ಜೇಡಗಳು. ಬಾಯಿಗೆ ಜಾಲರಿ ಹಾಕಿಯೇ ಇರಲಿಲ್ಲ.

ಬಾಯಿ ಕೆಳಮುಖವಾಗಿರಲಿ, ಜಾಲರಿ ಇರಲಿ. ಕಿಟಕಿ, ಫ್ರೆಶ್ ಏರ್ ಫ್ಯಾನ್ ಹತ್ತಿರ ಬೇಡ. ಎಲ್‌ಪಿಜಿ ಆಗಿದ್ದರೆ ಅದು ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಆಗ ಬಾಯಿಯ ಕೆಳಗೆ ಚರಂಡಿ, ಬೇಸ್‌ಮೆಂಟ್ ರ‍್ಯಾಂಪ್ ಇದೆಯಾ ಅಂತಲೂ ನೋಡಿ.