ಕಂಪ್ಯೂಟರ್ ಕಟ್ಟೆ: ಡ್ರೈವರ್ ಕೂರುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?

ಪ್ರಶ್ನೆ: ಮೇಡಂ, ನಾನು ಅರಸೀಕೆರೆಯವನು. ಹಾಸನದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ, ಉಬುಂಟು 24.04 ಲಿನಕ್ಸ್ ಹಾಕಿದ್ದೇನೆ. ಪ್ರಾಜೆಕ್ಟಿಗೆ ಕುಡಾ (ಕಾರ್ಡಿನಿಂದ ಲೆಕ್ಕದ ಕೆಲಸ ಮಾಡಿಸುವ ಎನ್‌ವಿಡಿಯಾ ಸಾಫ್ಟ್‌ವೇರ್) ಬೇಕಿತ್ತು. ಒಂದು ವಿಡಿಯೊ ನೋಡಿ ಪಿಪಿಎ ಎಂಬ ಹೊರಗಿನ ಪ್ಯಾಕೇಜು ಮೂಲ ಸೇರಿಸಿದೆ, ಆಗಲಿಲ್ಲ. ಇನ್ನೊಂದು ವಿಡಿಯೊ ನೋಡಿ ಎನ್‌ವಿಡಿಯಾದವರ ರೆಪೊಸಿಟರಿಯನ್ನೂ (ಪ್ಯಾಕೇಜು ಇಳಿಸಿಕೊಳ್ಳುವ ಜಾಗ) ಸೇರಿಸಿದೆ. ಈಗ 550 ಡ್ರೈವರ್ ಹಾಕಲು ಹೋದರೆ ‘ಅನ್‌ಮೆಟ್ ಡಿಪೆಂಡೆನ್ಸೀಸ್’ (ಜೊತೆಗೆ ಬೇಕಾದ ಪ್ಯಾಕೇಜು ಸಿಗುತ್ತಿಲ್ಲ) ಎಂದು ಉದ್ದ ಪಟ್ಟಿ ಬರುತ್ತದೆ. ಕೊನೆಗೆ ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂದು ನಿಂತುಬಿಡುತ್ತದೆ. ನಾನು ಯಾವುದನ್ನೂ ಹೋಲ್ಡ್ ಮಾಡಿಲ್ಲ. ಫಾರ್ಮ್ಯಾಟ್ ಮಾಡಿಬಿಡಲೇ?

ಉತ್ತರ: ಬೇಡ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಪ್ಯಾಕೇಜು ಹಾಕುವ, ತೆಗೆಯುವ ಆಪ್ಟ್ ಎಂಬ ಪ್ರೋಗ್ರಾಂ ಹಟ ಹಿಡಿದಿದೆ, ಅದಕ್ಕೆ ಕಾರಣವೂ ಇದೆ.

ಮೊದಲು ಆ ಕೊನೇ ಸಾಲಿನ ವಿಷಯ. ಹಾಸನದ ಲ್ಯಾಬಿನಲ್ಲಿ ನನ್ನ ಹತ್ತಿರ ಬರುವ ಹುಡುಗರೆಲ್ಲ ಅದೇ ಸಾಲು ಹಿಡಿದುಕೊಂಡು ಬರುತ್ತಾರೆ. ನೀವು ಯಾವ ಪ್ಯಾಕೇಜನ್ನೂ ತಡೆದು ಹಿಡಿಯದಿದ್ದರೂ ಆಪ್ಟ್ ಈ ಮಾತು ಹೇಳುತ್ತದೆ. ‘ನೀನು ಕೇಳಿದ್ದೆಲ್ಲ ಒಟ್ಟಿಗೆ ಕೂರುವ ದಾರಿ ನನಗೆ ಸಿಗಲಿಲ್ಲ’ ಎಂದಷ್ಟೇ ತಿಳಿದುಕೊಳ್ಳಿ. ಅನುಮಾನ ಇದ್ದರೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ನೋಡಿ. ಏನೂ ಬರದಿದ್ದರೆ ಹೋಲ್ಡ್ ಇಲ್ಲ, ಆ ವಿಷಯ ಅಲ್ಲಿಗೆ ಬಿಡಿ. (ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಹಾಕುತ್ತೇನೆ. ನೀವು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.)

ನಿಜವಾದ ಸುಳಿವು ಇರುವುದು ಅದರ ಮೇಲಿನ ಪಟ್ಟಿಯಲ್ಲಿ. ಎನ್‌ವಿಡಿಯಾ ಡ್ರೈವರ್ ಅಂದರೆ ಒಂದು ಫೈಲ್ ಅಲ್ಲ. ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಳಗೆ ಹೋಗುವ ಮಾಡ್ಯೂಲ್ ಒಂದು, ಓಪನ್‌ಜಿಎಲ್ ಲೈಬ್ರರಿ ಒಂದು, ಲೆಕ್ಕದ ಕೆಲಸದ ಲೈಬ್ರರಿ ಇನ್ನೊಂದು, ಹೀಗೆ ಒಂದು ದೊಡ್ಡ ಗುಂಪು. ಬೇರೆ ಪ್ಯಾಕೇಜುಗಳು ‘ಇದಕ್ಕಿಂತ ಹೊಸದಿದ್ದರೆ ಸಾಕು’ ಎನ್ನುತ್ತವೆ. ಈ ಗುಂಪು ಹಾಗಲ್ಲ. ‘ಇದೇ ಆವೃತ್ತಿ ಬೇಕು’ ಎಂದು ಸಮಚಿಹ್ನೆ ಹಾಕಿ ಕೇಳುತ್ತದೆ. ಕರ್ನಲ್ ಭಾಗ ಮತ್ತು ಲೈಬ್ರರಿ ಭಾಗ ಸ್ವಲ್ಪ ಹೊಂದದಿದ್ದರೂ ಡ್ರೈವರ್ ಕೆಲಸ ಮಾಡುವುದಿಲ್ಲವಲ್ಲ, ಅದಕ್ಕೇ ಈ ಬಿಗಿ.

ಈಗ ನಿಮ್ಮ ಲ್ಯಾಪ್‌ಟಾಪಿಗೆ ಸರಕು ಬರುವ ಜಾಗ ಮೂರು: ಉಬುಂಟುವಿನದು, ಪಿಪಿಎಯದು, ಎನ್‌ವಿಡಿಯಾದ್ದು. ಮೂರೂ ಕಡೆ 550 ಇರಬಹುದು. ಆದರೆ ಆ ಸಂಖ್ಯೆಯ ಹಿಂದಿನ ಬಾಲ ಬೇರೆ ಬೇರೆ. ಆಪ್ಟ್‌ಗೆ ಬಾಲ ಬೇರೆಯಾದರೆ ಆವೃತ್ತಿಯೇ ಬೇರೆ. ಬೋರ್‌ವೆಲ್ ಪೈಪು ಒಂದು ಅಂಗಡಿಯಲ್ಲಿ, ಕಾಲರ್ ಇನ್ನೊಂದು ಅಂಗಡಿಯಲ್ಲಿ ತಂದರೆ ಅಳತೆ ಒಂದೇ ಇದ್ದರೂ ಥ್ರೆಡ್ ಕೂರುವುದಿಲ್ಲ. ಇದೂ ಅದೇ ಕಥೆ.

ಯಾವುದು ಎಲ್ಲಿಂದ ಬರುತ್ತಿದೆ ಎಂದು ನೋಡಲು ‘ಆಪ್ಟ್ ಪಾಲಿಸಿ’ ಎಂದು ಬರೆದು, ಮುಂದೆ ಪಟ್ಟಿಯಲ್ಲಿ ಗೋಳಾಡುತ್ತಿರುವ ಪ್ಯಾಕೇಜಿನ ಹೆಸರು ಹಾಕಿ. ನಿಮ್ಮ ವಿಷಯದಲ್ಲಿ ಲಿಬ್‌ಎನ್‌ವಿಡಿಯಾ-ಜಿಎಲ್-550 ಇರಬಹುದು. ಪ್ರತಿ ಆವೃತ್ತಿಯ ಕೆಳಗೆ ಅದು ಬರುವ ವಿಳಾಸ, ಪಕ್ಕದಲ್ಲಿ ಆದ್ಯತೆಯ ಒಂದು ಅಂಕಿ ಕಾಣುತ್ತದೆ. ಸಾಮಾನ್ಯ ರೆಪೊಸಿಟರಿಗೆ 500. ಈಗಾಗಲೇ ಡಿಸ್ಕಿನಲ್ಲಿ ಕೂತಿರುವುದಕ್ಕೆ 100. ಎನ್‌ವಿಡಿಯಾದವರ ಸೂಚನೆಯಂತೆ ಹಾಕಿದ್ದರೆ ಪ್ರಿಫರೆನ್ಸಸ್ ಡಾಟ್ ಡಿ ಫೋಲ್ಡರಿನಲ್ಲಿ ‘ಕುಡಾ-ರೆಪೊಸಿಟರಿ-ಪಿನ್-600’ ಎಂಬ ಫೈಲ್ ಬಂದು ಕೂತಿರುತ್ತದೆ. ಹೆಸರೇ ಹೇಳುವಂತೆ ಅದರ ಅಂಕಿ 600. ಹಾಗಾಗಿ ಎರಡೂ ಕಡೆ ಇರುವ ಪ್ಯಾಕೇಜನ್ನು ಆಪ್ಟ್ ಎನ್‌ವಿಡಿಯಾದಿಂದಲೇ ತರಲು ನೋಡುತ್ತದೆ. ಅಲ್ಲಿಲ್ಲದ್ದನ್ನು ಉಬುಂಟುವಿನಿಂದ ತರುತ್ತದೆ. ಪಿಪಿಎ ಹೊಸದಾಗಿದ್ದರೆ ಅದೂ ನಡುವೆ ತಲೆ ಹಾಕುತ್ತದೆ. ಗುಂಪು ಒಡೆಯುವುದು ಇಲ್ಲೇ.

ಆದ್ದರಿಂದ ಒಂದೇ ಅಂಗಡಿ ಆರಿಸಿಕೊಳ್ಳಿ. ನನ್ನ ಮಟ್ಟಿಗೆ ಅದು ಉಬುಂಟುವಿನದೇ. ಹೊಚ್ಚ ಹೊಸ ಕಾರ್ಡ್ ಇದ್ದವರ ಮಾತು ಬೇರೆ. 1650ಗೆ ಅಲ್ಲಿರುವುದು ಧಾರಾಳ ಸಾಕು.

ಮೊದಲು ಹಳೆಯದನ್ನು ತೆಗೆಯಿರಿ. ‘ಸುಡೊ ಆಪ್ಟ್ ಪರ್ಜ್’ ಆದಮೇಲೆ ಎರಡು ಹೆಸರು: ‘ಎನ್‌ವಿಡಿಯಾ-’ ಒಂದು, ‘ಲಿಬ್‌ಎನ್‌ವಿಡಿಯಾ-’ ಇನ್ನೊಂದು. ಎರಡರ ಕೊನೆಗೂ ನಕ್ಷತ್ರ ಗುರುತು, ಒಂದೊಂದನ್ನೂ ಒಂಟಿ ಕೋಟ್‌ನೊಳಗೆ ಹಾಕಿ. ವೈ ಒತ್ತುವ ಮೊದಲು ತೆಗೆಯುವ ಪಟ್ಟಿಯನ್ನು ದಯವಿಟ್ಟು ಓದಿ. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್, ಜಿಡಿಎಂ3 ಇಂಥ, ಪರದೆಗೇ ಬೇಕಾದ ಪ್ಯಾಕೇಜಿನ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ, ಪಟ್ಟಿ ಸಮೇತ ನನಗೆ ಬರೆಯಿರಿ. ಪರ್ಜ್ ಮಾಡಿದರೆ ಪರದೆ ಹೋಗುತ್ತದೆ ಎಂಬ ಭಯ ಬೇಡ. ಇಂಥ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನದೇ ಗ್ರಾಫಿಕ್ಸ್ ಇರುತ್ತದೆ, ಅದರ ಡ್ರೈವರ್ ಕರ್ನಲ್‌ನಲ್ಲೇ ಇದೆ.

ಆಮೇಲೆ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆಗೆದು, ‘ಅದರ್ ಸಾಫ್ಟ್‌ವೇರ್’ ಎಂಬಲ್ಲಿ ಪಿಪಿಎ ಮತ್ತು ಎನ್‌ವಿಡಿಯಾ ಎರಡರ ಟಿಕ್ಕನ್ನೂ ತೆಗೆಯಿರಿ. ಆ 600ರ ಫೈಲನ್ನು ಬೇರೆ ಕಡೆಗೆ ಸರಿಸಿ. ‘ಸುಡೊ ಆಪ್ಟ್ ಅಪ್‌ಡೇಟ್’ ಕೊಡಿ. ಇಷ್ಟಾದ ಮೇಲೂ ಮೊಂಡು ಹಿಡಿದರೆ ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ ಪಟ್ಟಿಯಲ್ಲಿ ‘ಲೋಕಲ್’ ಎಂದು ಗುರುತಿರುವುದನ್ನು ಹುಡುಕಿ. ಈಗಿರುವ ಯಾವ ರೆಪೊಸಿಟರಿಯಲ್ಲೂ ಇಲ್ಲದ ಪ್ಯಾಕೇಜುಗಳು ಅವು. ಪಿಪಿಎ ಬಿಟ್ಟುಹೋದ ಹಳೇ ಲೈಬ್ರರಿ ಅಲ್ಲಿ ಅಡಗಿ ಕೂತಿರುತ್ತದೆ. ಗೇಮ್ ಆಡಲು ಸ್ಟೀಮ್ ಹಾಕಿದ್ದೀರಾ? ಹಾಗಾದರೆ ಐ386 ಎಂಬ ಬಾಲದ 32 ಬಿಟ್ ಲೈಬ್ರರಿಗಳನ್ನೂ ನೋಡಿ. ಅವುಗಳ ಆವೃತ್ತಿ 64 ಬಿಟ್‌ನದಕ್ಕೆ ಸರಿಸಮ ಇರಲೇಬೇಕು.

ಕೊನೆಗೆ ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಕೊಟ್ಟು ಯಾವುದರ ಮುಂದೆ ‘ರೆಕಮೆಂಡೆಡ್’ ಎಂದಿದೆ ನೋಡಿ. 550 ಅಲ್ಲದೆ ಬೇರೆ ಇದ್ದರೆ ಬೇರೆಯೇ ಇರಲಿ, ವಿಡಿಯೊದಲ್ಲಿ ಹೇಳಿದ ನಂಬರಿಗೆ ಹಟ ಬೇಡ. ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಕೊಟ್ಟು ರೀಸ್ಟಾರ್ಟ್ ಮಾಡಿ. ‘ಎನ್‌ವಿಡಿಯಾ-ಎಸ್‌ಎಂಐ’ ಕೊಟ್ಟಾಗ ಕಾರ್ಡಿನ ಹೆಸರು ಬಂದರೆ ಮುಗಿಯಿತು.

ಇನ್ನು ಕುಡಾ. ಮಶಿನ್ ಲರ್ನಿಂಗ್ ಮಾಡುವ ಪೈಟಾರ್ಚ್‌ಗೋಸ್ಕರ ಬೇಕಿದ್ದರೆ ನೀವು ಇಷ್ಟೆಲ್ಲ ಸುಮ್ನೆ ಒದ್ದಾಡಿದ್ದೀರಿ. ಪಿಪ್‌ನಿಂದ ಕುಡಾ ಇರುವ ಪೈಟಾರ್ಚ್ ಹಾಕಿದರೆ ಓಡಿಸಲು ಬೇಕಾದ ಕುಡಾ ಭಾಗ ಜೊತೆಗೇ ಬರುತ್ತದೆ. ಡ್ರೈವರ್ ಒಂದಿದ್ದರೆ ಸಾಕು. ಇಲ್ಲ, ಕುಡಾ ಕೋಡ್ ಕಂಪೈಲ್ ಮಾಡಬೇಕು ಅಂದರೆ ಮಾತ್ರ ಎನ್‌ವಿಡಿಯಾದ ರೆಪೊಸಿಟರಿ ವಾಪಸ್ ಸೇರಿಸಿ, ಪಿನ್ ಫೈಲ್ ಬೇಡ. ಆಗಲೂ ‘ಕುಡಾ’ ಎಂಬ ಪ್ಯಾಕೇಜ್ ಹಾಕಬೇಡಿ, ಅದು ಡ್ರೈವರನ್ನೂ ಎಳೆದು ತರುತ್ತದೆ. ‘ಕುಡಾ-ಟೂಲ್‌ಕಿಟ್’ ಎಂದು ಶುರುವಾಗುವುದನ್ನು ಹಾಕಿ.

ಫೋರ್ಸ್-ಓವರ್‌ರೈಟ್ (ಇನ್ನೊಂದು ಪ್ಯಾಕೇಜಿನ ಫೈಲಿನ ಮೇಲೇ ಬರೆಯುವ ಆಯ್ಕೆ) ಹಾಕಿ ಒತ್ತಿ ತುಂಬಿ ಎನ್ನುವ ವಿಡಿಯೊಗಳೂ ಇವೆ. ನನಗೆ ಅವುಗಳನ್ನು ಕಂಡರೆ ಆಗುವುದಿಲ್ಲ. ಆ ಹೊತ್ತಿಗೆ ಸರಿ ಹೋದಂತೆ ಕಾಣುತ್ತದೆ, ಮುಂದಿನ ಅಪ್‌ಡೇಟಿಗೆ ಎರಡರಷ್ಟು ಗೋಜಲು.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆ. ಡೆಸ್ಕ್‌ಟಾಪಿಗೆ ಎನ್‌ವಿಡಿಯಾ ಡ್ರೈವರ್ ಹಾಕುವಾಗ ಅರ್ಧದಲ್ಲಿ ಕರೆಂಟು ಹೋಯಿತು. ಈಗ ಆನ್ ಮಾಡಿದರೆ ಕಪ್ಪು ಪರದೆ. ನೆಟ್ ಕೂಡ ಮೊಬೈಲ್ ಹಾಟ್‌ಸ್ಪಾಟಿನದು.

ಉತ್ತರ: ಮಳೆಗಾಲದಲ್ಲಿ ನಿಮ್ಮ ಕಡೆಯಿಂದ ಇದೇ ಪ್ರಶ್ನೆ ಜಾಸ್ತಿ. ಕಪ್ಪು ಪರದೆಯಲ್ಲೇ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬರೀ ಅಕ್ಷರದ ಲಾಗಿನ್ ಬರುತ್ತದೆ. ಒಳಗೆ ಹೋಗಿ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ. ಅರ್ಧಕ್ಕೆ ನಿಂತ ಕೆಲಸವನ್ನು ಅದು ಮುಂದುವರಿಸುತ್ತದೆ. ನಂತರ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಲಾಗಿನ್ ಕೂಡ ಬರದಿದ್ದರೆ ಆನ್ ಮಾಡುವಾಗ ಗ್ರಬ್ ಮೆನುವಿನಿಂದ ರಿಕವರಿ ಮೋಡ್‌ಗೆ ಹೋಗಿ. ಅಲ್ಲಿ ಡಿಪಿಕೆಜಿ ಎಂಬ ಸಾಲೇ ಇದೆ, ಒಡೆದ ಪ್ಯಾಕೇಜು ರಿಪೇರಿ ಮಾಡಲೆಂದೇ ಇಟ್ಟಿದ್ದಾರೆ.

ಮುಂದಿನ ಸಲ ಡೌನ್‌ಲೋಡ್ ಬೇರೆ, ಹಾಕುವುದು ಬೇರೆ ಮಾಡಿ. ‘ಸುಡೊ ಆಪ್ಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ’ ಎಂದು ಡ್ರೈವರಿನ ಹೆಸರು ಕೊಟ್ಟರೆ ಫೈಲುಗಳು ಇಳಿದು ಡಿಸ್ಕಿನಲ್ಲಿ ಕೂತಿರುತ್ತವೆ, ಏನೂ ಬದಲಾಗುವುದಿಲ್ಲ. ಈ ಗುಂಪು ನೂರಾರು ಎಂಬಿ ಆಗುತ್ತದೆ. ಹಾಟ್‌ಸ್ಪಾಟಿನಲ್ಲಿ ರಾತ್ರಿಯೆಲ್ಲ ಇಳಿಯಲಿ ಬಿಡಿ. ಕರೆಂಟು ಗಟ್ಟಿಯಾಗಿ ಇರುವಾಗ ಅದೇ ಕಮಾಂಡನ್ನು ಆ ಡೌನ್‌ಲೋಡ್ ಪದ ತೆಗೆದು ಕೊಡಿ. ನಡುವೆ ‘ಆಪ್ಟ್ ಅಪ್‌ಡೇಟ್’ ಮಾಡಬೇಡಿ. ಹೊಸ ಆವೃತ್ತಿ ಬಂದಿದ್ದರೆ ಮತ್ತೆ ಮೊದಲಿಂದ ಇಳಿಸಬೇಕಾಗುತ್ತದೆ.

ಪ್ರಶ್ನೆ: ಬೇಲೂರಿನಲ್ಲಿ ನಮ್ಮದು ಚಿಕ್ಕ ಫೋಟೊ ಸ್ಟುಡಿಯೊ. ಹಳೇ ಜಿಟಿ 710 ಕಾರ್ಡಿಗೆ 535 ಡ್ರೈವರ್ ಹಾಕಿದರೆ ಕಾರ್ಡೇ ಸಿಗುತ್ತಿಲ್ಲ ಎನ್ನುತ್ತದೆ.

ಉತ್ತರ: ಅದು ಕೆಪ್ಲರ್ ಪೀಳಿಗೆಯ ಕಾರ್ಡ್. ಅದನ್ನು ಬೆಂಬಲಿಸುವ ಕೊನೇ ಸರಣಿ 470. ಅದಕ್ಕಿಂತ ಮುಂದಿನದು ಏನು ಹಾಕಿದರೂ ಕಾರ್ಡ್ ಗುರುತು ಹಿಡಿಯುವುದಿಲ್ಲ. ಫೋಟೊ ತಿದ್ದುವುದು, ಪ್ರಿಂಟ್ ಹಾಕುವುದು ಅಷ್ಟೇ ಆದರೆ ಎನ್‌ವಿಡಿಯಾ ಡ್ರೈವರ್ ಪೂರ್ತಿ ತೆಗೆದು, ಕರ್ನಲ್ ಜೊತೆಗೇ ಬರುವ ನೂವೊ ಎಂಬ ಡ್ರೈವರ್ ಮೇಲೆ ನಡೆಸಿ. ಈ ಕಾರ್ಡಿಗೆ ದುಡ್ಡಾಗಲಿ ಭಾನುವಾರವಾಗಲಿ ಹೆಚ್ಚು ಹಾಕಬೇಡಿ.

ಪ್ರಶ್ನೆ: ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಡ್ರೈವರ್ ಒಂದು ತಕರಾರೂ ಇಲ್ಲದೆ ಕೂತಿತು. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂತು, ಗಾಬರಿಯಾಗಿ ಎಂಟರ್ ಒತ್ತಿಬಿಟ್ಟೆ. ಈಗ ಎನ್‌ವಿಡಿಯಾ-ಎಸ್‌ಎಂಐ ‘ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ’ ಎನ್ನುತ್ತದೆ.

ಉತ್ತರ: ಇದು ಡಿಪೆಂಡೆನ್ಸಿ ಜಗಳ ಅಲ್ಲ, ಒಪ್ಪಿದ ಸಹಿ ಇಲ್ಲದ ಮಾಡ್ಯೂಲನ್ನು ತಡೆಯುವ ಸೆಕ್ಯೂರ್ ಬೂಟ್. ನಿಮ್ಮ ಕಂಪ್ಯೂಟರಿನಲ್ಲೇ ತಯಾರಾದ ಮಾಡ್ಯೂಲಿಗೆ ನಿಮ್ಮದೇ ಸಹಿ ಬೀಳುತ್ತದೆ. ಆ ಸಹಿಯನ್ನು ಒಪ್ಪಿಕೋ ಎಂದು ಕಂಪ್ಯೂಟರಿಗೆ ಹೇಳುವ ಜಾಗವೇ ಆ ನೀಲಿ ಪರದೆ. ‘ಸುಡೊ ಮಾಕ್‌ಯುಟಿಲ್ --ಇಂಪೋರ್ಟ್’ ಎಂದು ಬರೆದು, ಮುಂದೆ ವಾರ್, ಲಿಬ್, ಶಿಮ್-ಸೈನ್ಡ್, ಮಾಕ್ ಫೋಲ್ಡರುಗಳ ದಾರಿಯಲ್ಲಿ ಇರುವ ‘ಮಾಕ್ ಡಾಟ್ ಡಿಇಆರ್’ ಫೈಲಿನ ಹೆಸರು ಕೊಡಿ. ಈ ಫೈಲಿನ ಹೆಸರಲ್ಲಿ ಮಾತ್ರ ಮಾಕ್ (ಎಂ-ಒ-ಕೆ) ಎಂಬ ಮೂರಕ್ಷರ ದೊಡ್ಡಕ್ಷರ. ಹೊಸ ಪಾಸ್‌ವರ್ಡ್ ಕೇಳುತ್ತದೆ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ಕೀಬೋರ್ಡಿನ ಮುಂದೆಯೇ ಇರಿ, ನೀಲಿ ಪರದೆ ಜಾಸ್ತಿ ಹೊತ್ತು ಕಾಯುವುದಿಲ್ಲ. ‘ಎನ್‌ರೋಲ್ ಮಾಕ್’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಆ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ಅಕ್ಷರ ಕಾಣದಿದ್ದರೂ ಟೈಪ್ ಆಗುತ್ತಲೇ ಇರುತ್ತದೆ.