ಲೈಬ್ರರಿ ಉಳಿಸಿ ಅಂತ ಸ್ಥಳೀಯ ಕೌನ್ಸಿಲ್‌ನ ಬಜೆಟ್ ಸಭೆಯಲ್ಲಿ ಮಾತಾಡಿದರೆ ಪ್ರಯೋಜನ ಇದೆಯಾ? (ಲಂಡನ್‌ನಲ್ಲಿದ್ದೇವೆ, ಭಾರತದ ಪಾಸ್‌ಪೋರ್ಟ್, ಓಟಿಲ್ಲ)

ಹೋಗಿ ಮಾತಾಡಿ, ಬೇಡ ಅನ್ನುವುದಿಲ್ಲ. ಆದರೆ "ಕನ್ಸಲ್ಟೇಷನ್ ಫಾರಂ (ಜನರ ಅಭಿಪ್ರಾಯ ಕೇಳುವ ಫಾರಂ) ಬಂದಿದೆ, ಅದನ್ನೆಲ್ಲ ಬಿಟ್ಟು ನೇರ ಫೆಬ್ರವರಿ ಸಭೆಗೇ ಹೋಗೋಣ ಅಂತಿದ್ದೇವೆ" ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾವು ಮಾಡಿದ್ದೂ ಅದನ್ನೇ.

ನಾವಿರುವುದು ಲಂಡನ್‌ನ ಹೊರವಲಯದ ಒಂದು ಬರೋದಲ್ಲಿ (ತನ್ನದೇ ಕೌನ್ಸಿಲ್ ಇರುವ ಆಡಳಿತ ವಿಭಾಗ). ಮನೆಯಿಂದ ನಡೆದುಕೊಂಡೇ ಹೋಗಬಹುದಾದ ಒಂದು ಸಣ್ಣ ಲೈಬ್ರರಿ ಇತ್ತು. ಮಗಳು ಓದಲು ಕಲಿತದ್ದು ಅಲ್ಲೇ. ಊರಿಂದ ಬಂದಿದ್ದ ಅತ್ತೆಗೆ ಚಳಿಗಾಲದಲ್ಲಿ ಮನೆ ಬಿಟ್ಟರೆ ಬೆಚ್ಚಗೆ ಕೂರಲು ಇದ್ದ ಜಾಗವೂ ಅದೊಂದೇ. ಖರ್ಚು ಉಳಿಸಲು ಅದನ್ನು ಮುಚ್ಚುತ್ತೇವೆ ಅಂತ ಕೌನ್ಸಿಲ್ ಹೇಳಿತು. ಮುಚ್ಚಿಯೂ ಬಿಟ್ಟಿತು.

ಬಜೆಟ್ ಸಭೆಯಲ್ಲಿ ಮಾತಾಡಲು ನನಗೆ ಮೂರು ನಿಮಿಷ ಕೊಟ್ಟಿದ್ದರು. ಎದುರಿಗೆ ಕೊರಳಿಗೆ ಚಿನ್ನದ ಸರ ಹಾಕಿಕೊಂಡ ಮೇಯರ್, ಮೇಜಿನ ಮೇಲೆ ಹಸಿರು, ಹಳದಿ, ಕೆಂಪು ದೀಪ. ಕೆಂಪು ಹತ್ತುವ ಮೊದಲೇ ಮುಗಿಸಿದೆ. ಚಪ್ಪಾಳೆ ಬಿತ್ತು. ನಮ್ಮ ವಾರ್ಡಿನ ಕೌನ್ಸಿಲರ್ ತಲೆಯಾಡಿಸಿದರು. ಆಮೇಲೆ ಎರಡು ಗಂಟೆ ವಾದ ನಡೆಯಿತು. ಸರ್ಕಾರ ದುಡ್ಡು ಕೊಡುತ್ತಿಲ್ಲ ಅಂತ ಆಡಳಿತ ಪಕ್ಷದವರು, ನೀವೇ ಹಾಳು ಮಾಡಿದಿರಿ ಅಂತ ವಿರೋಧ ಪಕ್ಷದವರು. ವಿರೋಧ ಪಕ್ಷದವರು ಲೈಬ್ರರಿಗೆ ದುಡ್ಡು ಉಳಿಸುವ ಒಂದು ತಿದ್ದುಪಡಿ ತಂದರು, ಬಿದ್ದುಹೋಯಿತು. ಬಜೆಟ್ ಮತದಾನದಲ್ಲಿ ಒಬ್ಬೊಬ್ಬರ ಹೆಸರನ್ನೂ ದಾಖಲಿಸಲೇಬೇಕು, ಇದು 2014ರಿಂದ ಬಂದ ನಿಯಮ. ಹೆಸರು ಕೂಗುತ್ತಾ ಹೋದರು. ನಮ್ಮ ಕೌನ್ಸಿಲರ್ ಸರದಿ ಬಂದಾಗ ಬಜೆಟ್‌ಗೆ "ಫಾರ್" ಅಂದರು. ಇತ್ತ ತಿರುಗಿಯೂ ನೋಡಲಿಲ್ಲ.

ಅವರ ಮೇಲೆ ತುಂಬಾ ದಿನ ಸಿಟ್ಟಿತ್ತು. ಈಗಿಲ್ಲ. ಅವರು ಹೇಗೆ ಓಟು ಹಾಕಬೇಕು ಅನ್ನುವುದು ಪಕ್ಷದ ಗ್ರೂಪ್ ಮೀಟಿಂಗ್‌ನಲ್ಲಿ ಮೊದಲೇ ತೀರ್ಮಾನವಾಗಿತ್ತು. ಆ ಮೀಟಿಂಗ್‌ಗೆ ನೀವೂ ಹೋಗುವಂತಿಲ್ಲ, ನಾನೂ ಹೋಗುವಂತಿಲ್ಲ. 2000ದ ಸ್ಥಳೀಯ ಆಡಳಿತ ಕಾನೂನು ಬಂದ ಮೇಲೆ ಹೆಚ್ಚಿನ ಕೌನ್ಸಿಲ್‌ಗಳಲ್ಲಿ ಲೀಡರ್ (ಆಡಳಿತ ಪಕ್ಷದ ಮುಖ್ಯಸ್ಥರು) ಮತ್ತು ಅವರ ಕ್ಯಾಬಿನೆಟ್ಟೇ ನಿರ್ಧಾರ ಮಾಡುವುದು. ಕ್ಯಾಬಿನೆಟ್ ಮುಂದೆ ಹೋಗುವುದು ಅಧಿಕಾರಿಗಳು ಬರೆದ ರಿಪೋರ್ಟ್. ಆ ರಿಪೋರ್ಟ್‌ಗೆ ಜನರ ದನಿ ಸೇರುವುದು ಕನ್ಸಲ್ಟೇಷನ್ ಫಾರಂ ಮೂಲಕ. ಫೆಬ್ರವರಿಯಲ್ಲಿ ಇಡೀ ಕೌನ್ಸಿಲ್ ಸೇರುವ ಹೊತ್ತಿಗೆ ಲೆಕ್ಕ ಹೊಂದಿಸಿ ಆಗಿರುತ್ತದೆ. ಮಾರ್ಚ್ 11ರೊಳಗೆ ಕೌನ್ಸಿಲ್ ಟ್ಯಾಕ್ಸ್ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ನಿಗದಿ ಮಾಡಬೇಕು, ಸಾಲ ಮಾಡಿ ದಿನದ ಖರ್ಚು ನಡೆಸುವಂತಿಲ್ಲ. ಆ ರಾತ್ರಿ ಒಂದು ಲೈಬ್ರರಿ ಉಳಿಸಬೇಕಾದರೆ ಅಷ್ಟೇ ದುಡ್ಡನ್ನು ಇನ್ನೊಂದು ಕಡೆಯಿಂದ ಕಿತ್ತು ತೋರಿಸಬೇಕು. ಅದು ಮೂರು ನಿಮಿಷದ ಮಾತಿನಿಂದ ಆಗುವ ಕೆಲಸವಲ್ಲ.

ನಾವು ಎಡವಿದ್ದು ಅಕ್ಟೋಬರ್‌ನಲ್ಲೇ. ಆನ್‌ಲೈನ್ ಫಾರಂ ಬಂದಿತ್ತು. ಲೈಬ್ರರಿಯ ಕೌಂಟರ್ ಮೇಲೆ ಕಾಗದದ ಪ್ರತಿಗಳನ್ನೂ ಇಟ್ಟಿದ್ದರು. ಇದೆಲ್ಲ ಕಣ್ಣೊರೆಸುವ ತಂತ್ರ, ಯಾರು ಓದುತ್ತಾರೆ ಅಂದುಕೊಂಡೆ. ನಮ್ಮೂರಲ್ಲಿ ಕೆಲಸ ಆಗಬೇಕಾದರೆ ಏನು ಮಾಡುತ್ತೇವೆ? ಜನ ಸೇರಿಸಿ, ಸಹಿ ಹಾಕಿಸಿ, ಮನವಿ ಪತ್ರ ಹಿಡಿದು ದೊಡ್ಡವರ ಕೈಗೇ ಕೊಡುತ್ತೇವೆ. ನಾನೂ ಅದಕ್ಕೇ ಇಳಿದೆ. ಸ್ಕೂಲ್ ಗೇಟಿನಲ್ಲಿ, ದೇವಸ್ಥಾನದ ಬಾಗಿಲಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಹಿ ಹಾಕಿಸಿದೆ. ಹಾಳೆಗಳ ಕಟ್ಟು ದಪ್ಪಗಾದಷ್ಟೂ ಗೆದ್ದೇ ಬಿಟ್ಟೆವು ಅನ್ನಿಸುತ್ತಿತ್ತು. ಫಾರಂ ಮಾತ್ರ ನಮ್ಮ ಮನೆಯಿಂದಲೂ ಹೋಗಲಿಲ್ಲ.

ಕ್ಯಾಬಿನೆಟ್ ರಿಪೋರ್ಟ್ ಕೈಗೆ ಬಂದಾಗ ಎದೆ ಧಸಕ್ಕೆಂದಿತು. ನಮ್ಮ ಪೆಟಿಷನ್‌ಗೆ ಸಿಕ್ಕಿದ್ದು ಒಂದೇ ಸಾಲು, ಪೆಟಿಷನ್ ಬಂದಿದೆ ಅಂತ. ರಾಜ್ಯೋತ್ಸವಕ್ಕೆ ಬಂದಿದ್ದವರಲ್ಲಿ ಬಹಳ ಮಂದಿ ಬೇರೆ ಬರೋದವರು, ಅವರ ಸಹಿ ಲೆಕ್ಕಕ್ಕೇ ಬರಲಿಲ್ಲ. ಕನ್ಸಲ್ಟೇಷನ್‌ಗೆ ಪುಟಗಟ್ಟಲೆ ಜಾಗ ಇತ್ತು. ಅದರಲ್ಲಿ ಉತ್ತರ ಕೊಟ್ಟವರ ಪೈಕಿ ನಮ್ಮ ಲೈಬ್ರರಿ ಬಳಸುವವರು ತೀರಾ ಕಡಿಮೆ, ಹಾಗಾಗಿ ಮುಚ್ಚಿದರೆ ಪರಿಣಾಮವೂ ಕಡಿಮೆ ಅಂತ ಬರೆದಿದ್ದರು. ಅದರ ಕೆಳಗೇ, ಹತ್ತಿರದ ಇನ್ನೊಂದು ಲೈಬ್ರರಿ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿದೆ ಎಂದಿತ್ತು. ನಕ್ಷೆಯ ಮೇಲೆ ಗೆರೆ ಎಳೆದರೆ ಸರಿ. ನಡುವೆ ರೈಲು ಹಳಿ ಇದೆ, ಏರು ರಸ್ತೆ ಇದೆ, ಮಂಡಿ ನೋವಿನ ಅತ್ತೆ ಎರಡು ಬಸ್ ಹಿಡಿಯಬೇಕು ಅನ್ನುವುದು ರಿಪೋರ್ಟ್‌ಗೆ ಹೇಗೆ ಗೊತ್ತಾಗಬೇಕು? ನಾವು ಬರೆಯಲೇ ಇಲ್ಲವಲ್ಲ. ಫಾರಂನಲ್ಲಿ ಆ ಪ್ರಶ್ನೆಗೇ ಒಂದು ಖಾಲಿ ಚೌಕ ಇತ್ತು ಅಂತ ಆಮೇಲೆ ನೋಡಿದೆ.

ಅದಕ್ಕೇ ಹೇಳುವುದು, ಇವತ್ತೇ ಫಾರಂ ತುಂಬಿ. ಮನೆಯ ದೊಡ್ಡವರೆಲ್ಲ ಬೇರೆ ಬೇರೆಯಾಗಿ ತುಂಬಿ. ಕಂಪ್ಯೂಟರ್ ಬಾರದ ಪಕ್ಕದ ಮನೆ ಅಜ್ಜಿಗೆ ಕಾಗದದ ಫಾರಂ ಕೊಟ್ಟು ಜೊತೆಗೆ ಕೂತು ಬರೆಸಿ. ಲೈಬ್ರರಿ ಅಂದರೆ ನಮಗೆ ಪ್ರಾಣ ಅಂತ ಬರೆದರೆ ಸಾಲದು. ವಾರಕ್ಕೆ ಎಷ್ಟು ಸಲ ಹೋಗುತ್ತೀರಿ, ಯಾರನ್ನು ಕರೆದುಕೊಂಡು ಹೋಗುತ್ತೀರಿ, ಮುಚ್ಚಿದರೆ ಯಾವ ಬಸ್ಸು, ಎಷ್ಟು ಹೊತ್ತು, ಅದನ್ನು ಬರೆಯಿರಿ. ವಯಸ್ಸಾದವರು, ಅಂಗವಿಕಲರು, ಬಸುರಿಯರ ಮೇಲೆ ಏನು ಪರಿಣಾಮ ಆಗುತ್ತೆ ಅಂತ ಕೌನ್ಸಿಲ್ ಯೋಚಿಸಲೇಬೇಕು. 2010ರ ಸಮಾನತೆ ಕಾನೂನು ಹಾಗೆ ಹೇಳುತ್ತದೆ. ಇದು ಬರೀ ಕಾಗದದ ಮಾತಲ್ಲ. 2011ರಲ್ಲಿ ಗ್ಲಾಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ಕೌನ್ಸಿಲ್‌ಗಳ ಲೈಬ್ರರಿ ಕಡಿತವನ್ನು ಹೈಕೋರ್ಟ್ ಇದೇ ಕಾರಣಕ್ಕೆ ರದ್ದು ಮಾಡಿತು. 2014ರಲ್ಲಿ ಹ್ಯಾರಿಂಗೇ ಬರೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬೇರೆ ದಾರಿಗಳಿದ್ದರೂ ಅವನ್ನು ಜನರಿಗೆ ಹೇಳದೆ ಅಭಿಪ್ರಾಯ ಕೇಳಿದ್ದು ತಪ್ಪು ಎಂದಿತು. ಅದು ಲೈಬ್ರರಿ ಕೇಸಲ್ಲ, ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಯದು. ಆದರೂ ನಿಮ್ಮ ಫಾರಂನಲ್ಲಿ "ಮುಚ್ಚೋಣವೇ?" ಅಂತ ಮಾತ್ರ ಕೇಳಿದ್ದಾರಾ, ಲೈಬ್ರರಿ ತೆರೆದಿರುವ ಸಮಯ ಕಡಿಮೆ ಮಾಡುವಂಥ ಬೇರೆ ದಾರಿಯನ್ನೂ ಹೇಳಿದ್ದಾರಾ ನೋಡಿ. ಹಾಗಂತ ಕೋರ್ಟನ್ನೇ ನಂಬಿ ಕೂರಬೇಡಿ. ಬ್ರೆಂಟ್ ಬರೋದ ಆರು ಲೈಬ್ರರಿ ಉಳಿಸಲು ಹೋರಾಡಿದವರು 2011ರಲ್ಲಿ ಹೈಕೋರ್ಟಿನಲ್ಲೂ ಸೋತರು, ಅಪೀಲಿನಲ್ಲೂ ಸೋತರು.

ಇನ್ನು ದುಡ್ಡಿನ ವಿಷಯ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಸೆಸ್ ಅಂತ ಬೇರೆಯೇ ವಸೂಲಿ ಮಾಡುತ್ತಾರೆ, 1965ರ ಕಾನೂನಿನ ಪುಣ್ಯ. ಇಲ್ಲಿ ಅಂಥದ್ದಿಲ್ಲ. ಲೈಬ್ರರಿ ನಡೆಸುವುದು ಕೌನ್ಸಿಲ್‌ನ ಕಾನೂನಿನ ಹೊಣೆ ನಿಜ, ಆದರೆ ಎಷ್ಟು ಶಾಖೆ ಇರಬೇಕು ಅಂತ ಆ ಕಾನೂನು ಹೇಳುವುದಿಲ್ಲ. ಮುದುಕರ ಆರೈಕೆ, ಮಕ್ಕಳ ರಕ್ಷಣೆ, ಮನೆಯಿಲ್ಲದವರಿಗೆ ಸೂರು, ಇವಕ್ಕೆ ಕೊಟ್ಟು ಉಳಿದದ್ದರಲ್ಲಿ ಲೈಬ್ರರಿ. 2020ರಲ್ಲಿ ಕ್ರಾಯ್ಡನ್, 2021ರಲ್ಲಿ ಸ್ಲೌ, 2023ರಲ್ಲಿ ವೋಕಿಂಗ್ ಕೌನ್ಸಿಲ್‌ಗಳು ದುಡ್ಡಿಲ್ಲ ಅಂತ ಕೈಯೆತ್ತಿದ್ದನ್ನು ನೋಡಿದ ಕೌನ್ಸಿಲರ್‌ಗಳಿಗೆ ಭಯ ಇದ್ದೇ ಇರುತ್ತದೆ. ಅವರನ್ನು ಕಟುಕರು ಅಂತ ಬೈದರೆ ನಿಮ್ಮ ಪರ ಗ್ರೂಪ್ ಮೀಟಿಂಗ್‌ನಲ್ಲಿ ಬಾಯಿ ಬಿಡಬಲ್ಲ ಒಬ್ಬರನ್ನೂ ಕಳೆದುಕೊಳ್ಳುತ್ತೀರಿ. ಸರ್ಜರಿ ಅಂತ ವಾರ್ಡ್ ಕೌನ್ಸಿಲರ್‌ಗಳು ಜನರನ್ನು ಭೇಟಿ ಮಾಡುವ ದಿನ ಇರುತ್ತೆ. ರಿಪೋರ್ಟ್ ಸಿದ್ಧವಾಗುವ ಮೊದಲೇ ಹೋಗಿ ಕೂತು ಮಾತಾಡಿ. ದೊಡ್ಡ ನಿರ್ಧಾರಗಳ ಪಟ್ಟಿಯನ್ನು 28 ದಿನ ಮೊದಲೇ ಪ್ರಕಟಿಸಬೇಕು. ಅದನ್ನು ನೋಡುತ್ತಿದ್ದರೆ ಲೈಬ್ರರಿ ವಿಷಯ ಕ್ಯಾಬಿನೆಟ್‌ಗೆ ಬರುವ ತಾರೀಖು ಗೊತ್ತಾಗುತ್ತದೆ. ಕ್ಯಾಬಿನೆಟ್ ಹೂಂ ಅಂದ ಮೇಲೂ ಸ್ಕ್ರುಟಿನಿ ಸಮಿತಿ (ಕ್ಯಾಬಿನೆಟ್ ನಿರ್ಧಾರಗಳನ್ನು ಪರಿಶೀಲಿಸುವ ಕೌನ್ಸಿಲರ್‌ಗಳ ಸಮಿತಿ) "ಕಾಲ್ ಇನ್" ಮಾಡಿ ಮತ್ತೆ ಯೋಚಿಸಿ ಅನ್ನಬಹುದು. ಅದಕ್ಕೆ ಸಿಗುವುದು ಕೆಲವೇ ದಿನ, ಯಾವ ಕೌನ್ಸಿಲರ್‌ಗಳು ಕಾಲ್ ಇನ್ ಕೋರಿಕೆಗೆ ಸಹಿ ಹಾಕುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಯದು, ನಿಮಗೆ ಓಟಿಲ್ಲ ಅಂದಿರಲ್ಲ, ಇದೆ! ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಮೇಲೆ ಇಲ್ಲಿ ವಾಸವಾಗಿದ್ದರೂ ನೀವು ಹೆಸರು ನೋಂದಾಯಿಸಿ ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಭಾರತದ ಪೌರತ್ವಕ್ಕೆ ಏನೂ ಆಗುವುದಿಲ್ಲ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತು ಕೇಳುತ್ತಾರೆ, ನಿಮ್ಮ ಭಾರತೀಯ ಪಾಸ್‌ಪೋರ್ಟೇ ನಡೆಯುತ್ತದೆ. ನಮ್ಮವರು ಎಷ್ಟೋ ಜನ ವರ್ಷಗಟ್ಟಲೆ ಕೌನ್ಸಿಲ್ ಟ್ಯಾಕ್ಸ್ ಕಟ್ಟಿಯೂ ಇದು ಗೊತ್ತಿಲ್ಲದೆ ಇರುತ್ತಾರೆ. ಸರ್ಕಾರದ ವೆಬ್‌ಸೈಟಿನಲ್ಲಿ ಕೆಲವೇ ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಪಕ್ಕದಲ್ಲಿಟ್ಟುಕೊಳ್ಳಿ. ಆಮೇಲೆ ವಾರ್ಡ್ ಕೌನ್ಸಿಲರ್‌ಗೆ ಮೇಲ್ ಬರೆಯುವಾಗ ಪೋಸ್ಟ್‌ಕೋಡ್ ಹಾಕಿ, ಈ ವಾರ್ಡಿನ ಮತದಾರರು ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಫಾರಂ ಕಳಿಸುವ ಕೊನೆಯ ತಾರೀಖು ಯಾವುದು ಅಂತ ಇಲ್ಲಿ ಹಾಕಿದರೆ, ನಿಮ್ಮ ಬರೋದಲ್ಲಿರುವ ನನ್ನ ಪರಿಚಯದವರಿಗೆಲ್ಲ ಇವತ್ತೇ ತಿಳಿಸುತ್ತೇನೆ.