ಕಲ್ಲು ಸೇತುವೆಗೆ ಸಿಮೆಂಟ್ ಮದ್ದಲ್ಲ

ನಂಜನಗೂಡಿನ ಓದುಗರೊಬ್ಬರ ಪತ್ರ: ‘ಕಪಿಲಾ ನದಿಯ ಹಳೇ ಸೇತುವೆಯ ಸಂದಿಗಳಲ್ಲಿ ಅರಳಿ ಗಿಡ ಎದ್ದಿದೆ. ಸಿಮೆಂಟ್ ಮೆತ್ತಿ ಭದ್ರ ಮಾಡಬಾರದೇ? ಆಗದಿದ್ದರೆ ಕೆಡವಲಿ. ಹಳೇ ಸೇತುವೆ ಇಂದಲ್ಲ ನಾಳೆ ಅಪಾಯವೇ.’

ಸಂಪಾದಕರ ಉತ್ತರ: ಗಿಡ ಕಂಡ ಕೂಡಲೇ ಪತ್ರ ಬರೆದಿರಲ್ಲ, ನಿಮ್ಮಂಥವರು ಊರಿಗೆ ನಾಲ್ಕು ಜನ ಇರಬೇಕು. ನಿಮ್ಮ ಭಯವೂ ಹುಸಿಯಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕುಸಿದು ಎರಡು ಬಸ್ಸುಗಳು ಕೊಚ್ಚಿಹೋದವು. ಆದರೆ 2024ರ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಗೆ ಬಿದ್ದದ್ದು ಕಾಂಕ್ರೀಟ್ ಸೇತುವೆ, ವಯಸ್ಸು ನಲವತ್ತರ ಆಸುಪಾಸು. ನಿಮ್ಮೂರಿನದನ್ನು ದಳವಾಯಿ ದೇವರಾಜ ಕಟ್ಟಿಸಿದ್ದು 1735ರಲ್ಲಿ. ಅದು ಮುಂದೆ ರೈಲನ್ನೂ ಹೊತ್ತಿತು. ಅಂಥದನ್ನು ಕೆಡವಿ ಎನ್ನಲು ಮನಸ್ಸಾದರೂ ಹೇಗೆ ಬಂತು ಸ್ವಾಮಿ?

ಕಮಾನು ನಿಲ್ಲುವುದು ಕಲ್ಲು ಕಲ್ಲನ್ನು ಒತ್ತುವುದರಿಂದ. ನಡುವಿನ ಗಾರೆ ಅಂಟಿಗಿಂತ ಹೆಚ್ಚಾಗಿ ಮೆತ್ತೆ. ಭಾರಕ್ಕೋ ಬಿಸಿಲಿಗೋ ಕಮಾನು ಕೂದಲೆಳೆಯಷ್ಟು ಕದಲಿದರೆ ಸುಣ್ಣದ ಗಾರೆಯೂ ಜೊತೆಗೆ ಕದಲುತ್ತದೆ, ಒಳಗಿಳಿದ ಮಳೆನೀರು ಆವಿಯಾಗಿ ಹೊರಹೋಗಲು ಬಿಡುತ್ತದೆ. ಸಿಮೆಂಟ್ ಬಾಗದೆ ಬಿರಿಯುತ್ತದೆ. ಬಿರುಕಿನಲ್ಲಿ ಹೊಕ್ಕ ನೀರಿಗೆ ಹೊರದಾರಿ ಇಲ್ಲದೆ ಒಳಗಿನ ಹಳೇ ಗಾರೆ ಕೊಚ್ಚಿ ಟೊಳ್ಳಾಗುತ್ತದೆ, ಕಲ್ಲಿನಲ್ಲಿ ಲವಣ ಹರಳುಗಟ್ಟಿ ಅಂಚು ಚಕ್ಕೆ ಏಳುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲ ಚೆಂದ.

ಗಿಡವನ್ನು ಎಳೆದು ಕೀಳಲೇಬೇಡಿ, ಹೆಬ್ಬೆರಳು ಗಾತ್ರದ ಬೇರಿನೊಂದಿಗೆ ಕಲ್ಲೂ ಸಡಿಲವಾಗುತ್ತದೆ. ಕಾಂಡ ಕತ್ತರಿಸಿ, ಹಸಿ ಗಾಯಕ್ಕೆ ಕೂಡಲೇ ಬ್ರಷ್‌ನಲ್ಲಿ ಕಳೆನಾಶಕ ಹಚ್ಚಬೇಕು. ಕೆಳಗೆ ಹೊಳೆಯಿದೆ, ಸಿಂಪಡಿಸಬಾರದು. ಬೇರು ಸತ್ತು ಒಣಗಿದ ಮೇಲೆ ಬಿಡಿಸುವುದು. ಆಮೇಲೆ ಸಂದಿಯನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಉಳಿಯಿಂದ ಕೆದಕಬೇಕು. ಗ್ರೈಂಡರ್ ಹಿಡಿದರೆ ಕಲ್ಲಿನ ಅಂಚೇ ಹೋಗುತ್ತದೆ. ತೊಳೆದು, ಒದ್ದೆಯಿರುವಾಗಲೇ ಗಾರೆ ತುಂಬಬೇಕು: ಅರಳಿಸಿ ಸೋಸಿದ ಸುಣ್ಣ ಒಂದು ಪಾಲು, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಒಂದು ಪಾಲು, ಮರಳು ಒಂದರಿಂದ ಎರಡು ಪಾಲು. ಹತ್ತು ಹದಿನಾಲ್ಕು ದಿನ ಒದ್ದೆ ಗೋಣಿತಾಟು ಹೊದಿಸಿರಬೇಕು. ಬೇಗ ಒಣಗಿದ ಗಾರೆ ಉಗುರಿಗೇ ಪುಡಿಯಾಗುತ್ತದೆ.

ಇದನ್ನು ಮಾಡುವ ಕೈಗಳು ಎಲ್ಲಿವೆ ಎಂದು ಕೇಳುತ್ತೀರಿ. ಅದೇ ನಮ್ಮ ಸಂಕಟ. ಸುಣ್ಣಕ್ಕೆ ತಿಂಗಳುಗಳ ತಾಳ್ಮೆ ಬೇಕು, ಟೆಂಡರಿಗೆ ಮಾರ್ಚ್ 31ರೊಳಗೆ ಬಿಲ್ಲು ಬೇಕು. ಗಾರೆ ಅರೆದು ಹದ ಕಾಣುವವನಿಗೂ ಮನೆಗೆ ಪ್ಲಾಸ್ಟರ್ ಮಾಡುವವನಿಗೂ ಒಂದೇ ಕೂಲಿ ಕೊಟ್ಟರೆ ಆ ವಿದ್ಯೆಯನ್ನು ಯಾರು ಕಲಿತಾರು?

ಎಲ್ಲ ಕಲ್ಲು ಸೇತುವೆಗೂ ಒಂದೇ ಚಿಕಿತ್ಸೆಯೂ ಅಲ್ಲ. ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಲ್ಲಿ ಕಮಾನೇ ಇಲ್ಲ: ಕಲ್ಲಿನ ಕಂಬ, ಅದರ ತಲೆಯ ಮೇಲೆ ತೊಲೆಗೆ ಆಸರೆಯಾದ ಬೋದಿಗೆ, ಮೇಲೆ ಕಲ್ಲಿನ ತೊಲೆ. ಒತ್ತಡವನ್ನು ಎಷ್ಟಾದರೂ ತಡೆಯುವ ಕಲ್ಲು ಬಾಗಿದಾಗ ಅಡಿಯ ಎಳೆತ ತಾಳದೆ ಬಿರಿಯುತ್ತದೆ. ಅಲ್ಲಿ ಕಾಯಬೇಕಾದದ್ದು ಭಾರವನ್ನು. ಮೂರಂಗುಲ ಡಾಂಬರು ಹಾಕಿದರೂ ಚದರ ಮೀಟರಿಗೆ ಸುಮಾರು 170 ಕಿಲೋ ಹೇರಿದಂತೆ, ಅದೂ ಲಾರಿ ಬರುವ ಮೊದಲೇ.

ಬೇಸಿಗೆಯಲ್ಲಿ ಕಪಿಲೆ ಇಳಿದಾಗ ಪ್ರತಿ ಕಂಬದ ಬುಡ ನೋಡಿ. ಮರಳು ಎತ್ತಿದ ಕಡೆ ಬುನಾದಿಯ ಕಲ್ಲು ಬಯಲಾಗಿದ್ದರೆ, ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ತಾರೀಖಿನೊಂದಿಗೆ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.